ನಿಲುವಿನ ಮೇಷ್ಟ್ರು

ನಮ್ಮ ಬಡಾವಣೆಯಲ್ಲಿ ಬೆಳಗ್ಗೆ ಎದುರಾದವರು ಕೇಳುವುದು ‘ಕಾಫಿ ಆಯ್ತಾ?’ ಎಂದು. ಮೇಷ್ಟ್ರು ಮಾತ್ರ ಇಪ್ಪತ್ತು ಗಜ ದೂರದಿಂದಲೇ ‘ಬೆನ್ನು!’ ಎನ್ನುತ್ತಾರೆ. ಪಾರ್ಕಿನ ಕಲ್ಲುಬೆಂಚಿನ ಮೇಲೆ ಪೇಪರ್ ಓದುತ್ತಿರುವ ನಾವು ಆರೂ ಜನ ಒಟ್ಟಿಗೆ ನೆಟ್ಟಗಾಗುತ್ತೇವೆ. ಅವರು ತಿರುವಿನಲ್ಲಿ ಮರೆಯಾದದ್ದೇ ತಡ, ಆರೂ ಬೆನ್ನುಗಳು ತಂತಮ್ಮ ಹಳೆಯ ಜಾಗಕ್ಕೆ ಹೋಗಿ ಕೂರುತ್ತವೆ.

ಅವರು ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಡ್ಜರಿನ ಮೇಲೆ ಬಗ್ಗಿ ಬಗ್ಗಿ ಕೂಡಿ ಕಳೆದು ನಿವೃತ್ತರಾದವರು. ಅಪ್ಪ ಮನೆಯಲ್ಲಿ ಕೂತು ಅಮ್ಮನ ತಲೆ ತಿನ್ನದಿರಲಿ ಎಂದು ಮಗ ಅವರನ್ನು ಎರಡು ದಿನದ ವ್ಯಕ್ತಿತ್ವ ವಿಕಸನ ಶಿಬಿರಕ್ಕೆ ಕಳಿಸಿದ. ಶನಿವಾರ ಪ್ರಶ್ನಾರ್ಥಕ ಚಿಹ್ನೆಯಂತೆ ಹೋದವರು ಭಾನುವಾರ ಸಂಜೆ ಆಶ್ಚರ್ಯಸೂಚಕ ಚಿಹ್ನೆಯಾಗಿ ವಾಪಸಾದರು. ಅಂದಿನಿಂದ ಅವರು ನಮಗೆ ನಿಲುವಿನ ಮೇಷ್ಟ್ರು. ಹಾಗೆಂದು ರಾಜಕೀಯದಲ್ಲಾಗಲಿ, ನಿವಾಸಿಗಳ ಸಂಘದ ಜಗಳದಲ್ಲಾಗಲಿ ಅವರಿಗೆ ಯಾವ ನಿಲುವೂ ಇಲ್ಲ. ಎರಡೂ ಕಡೆಯವರಿಗೆ ‘ನೀವು ಹೇಳೋದೂ ಸರಿಯೇ’ ಎನ್ನುತ್ತಾರೆ. ಆದರೆ ಅದನ್ನು ಎದೆ ಸೆಟೆಸಿ ಎನ್ನುತ್ತಾರೆ.

ಇಂಥವರೊಬ್ಬರು ನಿಮ್ಮ ಬಡಾವಣೆಯಲ್ಲೂ ಇರುತ್ತಾರೆ. ಗುರುತು ಹೇಳುತ್ತೇನೆ. ಮದುವೆ ಛತ್ರದಲ್ಲಿ ಎಲೆಗೂ ಬಾಯಿಗೂ ಒಂದೂವರೆ ಅಡಿ ಅಂತರ ಕಾಯ್ದುಕೊಂಡು ಸಾರನ್ನ ಉಣ್ಣುವವರು ಇವರೇ. ಸಾರು ಮೊಣಕೈ ದಾಟಿದರೂ ಬೆನ್ನು ಬಾಗದು. ಮೊಬೈಲನ್ನು ಮಂಗಳಾರತಿ ತಟ್ಟೆಯಂತೆ ಮುಖದೆದುರು ಎತ್ತಿ ಹಿಡಿಯುವವರೂ ಇವರೇ. ಯಾಕೆ ಎಂದು ಕೇಳಿದಿರೋ, ಲೆಕ್ಕ ಒಪ್ಪಿಸುತ್ತಾರೆ: ‘ತಲೆಯ ತೂಕ 5 ಕಿಲೋ. ಕತ್ತನ್ನ 60 ಡಿಗ್ರಿ ಬಗ್ಗಿಸಿದ್ರೆ ಕುತ್ತಿಗೆ ಮೇಲೆ ಬೀಳೋ ಭಾರ 27 ಕಿಲೋ ಅಂತ ಅಮೆರಿಕದ ಬೆನ್ನುಮೂಳೆ ಸರ್ಜನ್ ಒಬ್ಬರು 2014ರಲ್ಲೇ ಲೆಕ್ಕ ಹಾಕಿದ್ದಾರೆ. ಅರ್ಧ ಮೂಟೆ ಸಿಮೆಂಟಿಗಿಂತ ಜಾಸ್ತಿ ಸ್ವಾಮಿ! ವಾಟ್ಸಾಪ್ ನೋಡೋಕೆ ಅಷ್ಟು ಹೊರಬೇಕಾ?’ ಈ ಲೆಕ್ಕ ಅವರಿಗೆ ಬಂದದ್ದು ವಾಟ್ಸಾಪಿನಲ್ಲಿ.

ಅವರ ಬೋಧನೆಗೂ ನಾವು ಬೆಳೆದುಬಂದ ರೀತಿಗೂ ತಾಳಮೇಳವಿಲ್ಲ. ಒಂದನೇ ಕ್ಲಾಸಿನಲ್ಲಿ ನಮಗೆ ಕಲಿಸಿದ ಮೊದಲ ವಿದ್ಯೆಯೇ ‘ಕೈ ಕಟ್ಟು, ಬಾಯಿ ಮುಚ್ಚು’. ಈಗ ಕೈ ಕಟ್ಟಿದರೆ ಮನಸ್ಸಿನ ಬಾಗಿಲು ಹಾಕಿಕೊಂಡಂತೆ ಎನ್ನುತ್ತಾರೆ. ದೊಡ್ಡವರ ಮುಂದೆ ಕಣ್ಣು ತಗ್ಗಿಸುವುದು ಸಂಸ್ಕಾರ ಎಂದಿದ್ದಳು ಅಜ್ಜಿ. ಮೇಷ್ಟ್ರ ಪ್ರಕಾರ ಅದು ಅಳುಕು. ಅವರಿಂದ ತರಬೇತಿ ಪಡೆದ ನಮ್ಮ ಮಹಡಿ ಮನೆಯ ಹುಡುಗ ಹೆಣ್ಣು ನೋಡಲು ಹೋದಾಗ ಭುಜ ಹಿಂದಕ್ಕೆ ಎಳೆದು, ಹುಡುಗಿಯ ಅಪ್ಪನ ಕಣ್ಣಲ್ಲಿ ಕಣ್ಣಿಟ್ಟು ಕೂತನಂತೆ. ಉಪ್ಪಿಟ್ಟು ಮುಗಿಯುವವರೆಗೂ ರೆಪ್ಪೆ ಬಡಿಯಲಿಲ್ಲವಂತೆ. ಮಾರನೇ ದಿನ ಆ ಕಡೆಯಿಂದ ಬಂದ ಮಾತು: ‘ಹುಡುಗ ಚೆನ್ನಾಗಿದ್ದಾನೆ, ಸಂಬಳವೂ ಚೆನ್ನಾಗಿದೆ. ಆದರೆ ಅವನಿಗೆ ನಮ್ಮ ಮೇಲೆ ಯಾಕೆ ಸಿಟ್ಟು?’

ಸಂಘದ ವಾರ್ಷಿಕೋತ್ಸವದಲ್ಲಿ ಮೇಷ್ಟ್ರಿಗೆ ಮೈಕು ಕೊಟ್ಟಿದ್ದು ನಮ್ಮದೇ ತಪ್ಪು. ಮಾತಿನ ಪಾಲು ಬರೀ 7 ಪರ್ಸೆಂಟ್, ಉಳಿದ 93 ದನಿ ಮತ್ತು ಹಾವಭಾವದ್ದು ಎಂಬುದನ್ನು ಒಂದೂವರೆ ಗಂಟೆ, ಬರೀ ಮಾತಿನಲ್ಲೇ, ವಿವರಿಸಿದರು. ಈ ಅಂಕಿ ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನೋವಿಜ್ಞಾನಿಯದು. 1967ರ ಅವರ ಪ್ರಯೋಗಗಳಲ್ಲಿ ಇದ್ದದ್ದು ಒಂಟಿ ಪದಗಳು, ಅವನ್ನು ಹೇಳುವ ದನಿ, ಜೊತೆಗೆ ಮುಖದ ಚಿತ್ರಗಳು. ಹೇಳುವವರಿಗೆ ಎದುರಿನವರ ಮೇಲೆ ಇಷ್ಟವೋ ಅನಿಷ್ಟವೋ ಎಂದು ಊಹಿಸುವುದಷ್ಟೇ ಅಲ್ಲಿನ ಕೆಲಸ. ನನ್ನ ಹೆಂಡತಿ ‘ಬನ್ನಿ’ ಎಂಬ ಒಂದೇ ಪದವನ್ನು ನಾಲ್ಕು ದನಿಯಲ್ಲಿ ಹೇಳಬಲ್ಲಳು, ಅಲ್ಲಿಗೆ ಆ ಲೆಕ್ಕ ಸರಿಹೋಗುತ್ತದೆ. ‘ಕರೆಂಟ್ ಬಿಲ್ ಕಟ್ಟೋಕೆ ನಾಳೆ ಕಡೇ ದಿನ’ ಎಂಬುದನ್ನು ಭುಜ ಕುಣಿಸಿ ತಿಳಿಸುವುದು ಅವಳಿಂದಲೂ ಆಗದು.

ಮೇಷ್ಟ್ರ ಬ್ರಹ್ಮಾಸ್ತ್ರವೆಂದರೆ ‘ಎರಡು ನಿಮಿಷ’. ಸಂದರ್ಶನಕ್ಕೆ ಮುಂಚೆ ಬಚ್ಚಲುಮನೆ ಬಾಗಿಲು ಹಾಕಿಕೊಂಡು, ಕಾಲಗಲಿಸಿ, ಸೊಂಟದ ಮೇಲೆ ಕೈಯಿಟ್ಟು ನಿಲ್ಲಬೇಕು. ನಮ್ಮ ಬೀದಿಯಲ್ಲಿ ಈ ಭಂಗಿಯಲ್ಲಿ ನಿಲ್ಲುವುದು ಮೂರು ತಿಂಗಳ ಬಾಕಿ ಕೇಳಲು ಬಂದ ಹಾಲಿನವನು ಮಾತ್ರ. ಆದರೆ 2010ರಲ್ಲಿ ಅಮೆರಿಕದ ಸಂಶೋಧಕರು 42 ಜನರನ್ನು ಹೀಗೆ ಮೈಹರಡಿದ ಭಂಗಿಗಳಲ್ಲೂ ಮುದುಡಿದ ಭಂಗಿಗಳಲ್ಲೂ ಇರಿಸಿ ನೋಡಿ, ಮೈಹರಡಿದವರಲ್ಲಿ ಟೆಸ್ಟೋಸ್ಟೆರಾನ್ ಏರಿತು, ಒತ್ತಡದ ಕಾರ್ಟಿಸೋಲ್ ಇಳಿಯಿತು ಎಂದರು. ಅವರಲ್ಲೊಬ್ಬರಾದ ಏಮಿ ಕಡಿ 2012ರಲ್ಲಿ ಕೊಟ್ಟ ಟೆಡ್ ಭಾಷಣ ಲೋಕವನ್ನೆಲ್ಲ ಸುತ್ತಿ ಮೇಷ್ಟ್ರ ಬಚ್ಚಲುಮನೆಗೂ ಬಂತು. 2015ರಲ್ಲಿ ಬೇರೆಯವರು 200 ಜನರನ್ನು ನಿಲ್ಲಿಸಿ ಕೂರಿಸಿ ನೋಡಿದರೆ ಹಾರ್ಮೋನು ಅಲ್ಲಾಡಲೇ ಇಲ್ಲ. 2016ರಲ್ಲಿ ಮೂಲ ಪ್ರಬಂಧದ ಮೊದಲ ಲೇಖಕಿ ಡೇನಾ ಕಾರ್ನಿಯವರೇ ‘ಈ ಪರಿಣಾಮ ನಿಜವೆಂದು ನಾನು ನಂಬುವುದಿಲ್ಲ’ ಎಂದು ಬರೆದು ಕೈತೊಳೆದುಕೊಂಡರು.

ಇದನ್ನೆಲ್ಲ ಹೇಳಿದೆ. ಮೇಷ್ಟ್ರು ಸೊಂಟದ ಮೇಲೆ ಕೈಯಿಟ್ಟರು.

‘ಶ್ರವಣಬೆಳಗೊಳಕ್ಕೆ ಹೋಗಿದೀರಾ ಸ್ವಾಮಿ? ಸುಮಾರು 57 ಅಡಿ. ಸಾವಿರ ವರ್ಷದಿಂದ ಒಂದಿಂಚು ಭುಜ ಇಳಿಸಿದಾನಾ ಗೊಮ್ಮಟ? ಅದು ಕಾನ್ಫಿಡೆನ್ಸ್!’

‘ಮೇಷ್ಟ್ರೇ, ಬಾಹುಬಲಿ ಹಾಗೆ ನಿಂತದ್ದು ಗೆದ್ದು ಎಲ್ಲ ಬಿಟ್ಟ ಮೇಲೆ. ಇಂಟರ್‌ವ್ಯೂಗೆ ಮುಂಚೆ ಅಲ್ಲ.’

‘ಹೋಗ್ಲಿ, ಬಿ.ಕೆ.ಎಸ್. ಅಯ್ಯಂಗಾರ್? ಕೋಲಾರ ಜಿಲ್ಲೆ ಬೆಳ್ಳೂರಿನ ಹುಡುಗ. ಮಲೇರಿಯಾ, ಟೈಫಾಯ್ಡು, ಕ್ಷಯ, ಎಲ್ಲಾ ಅನುಭವಿಸಿದ್ದ ನರಪೇತಲ. 1934ರಲ್ಲಿ ಮೈಸೂರಿಗೆ ಬಂದು ಭಾವ ಕೃಷ್ಣಮಾಚಾರ್ಯರ ಹತ್ರ ಯೋಗ ಕಲಿತು ಏನಾದ್ರು ನೋಡಿ. ತಾಡಾಸನ ಅಂದ್ರೆ ನೆಟ್ಟಗೆ ನಿಲ್ಲೋದೇ ತಾನೇ?’

‘ಅವರು 2014ರಲ್ಲಿ ತೀರಿಕೊಳ್ಳೋವರೆಗೂ ಎಂಬತ್ತು ವರ್ಷ ನಿಂತರು ಮೇಷ್ಟ್ರೇ. ನಿಮ್ಮದು ಎರಡು ನಿಮಿಷ.’

ಮೇಷ್ಟ್ರು ಉತ್ತರ ಕೊಡಲಿಲ್ಲ. ಗಲ್ಲವನ್ನು ಅರ್ಧ ಇಂಚು ಮೇಲಕ್ಕೆ ಎತ್ತಿದರು.

ಹೋದ ತಿಂಗಳು ಖಾತೆ ಬದಲಾವಣೆಗೆಂದು ಅವರ ಜೊತೆ ಒಂದು ಕಚೇರಿಗೆ ಹೋಗಿದ್ದೆ. ಅಲ್ಲಿ ಕೌಂಟರಿನ ಕಿಂಡಿ ಸೊಂಟದ ಎತ್ತರಕ್ಕಿತ್ತು. ಅದನ್ನು ಕಟ್ಟಿದವನು ನಾಡಿನ ಜನರ ನಿಲುವನ್ನು ಚೆನ್ನಾಗಿ ಬಲ್ಲವನೇ ಇರಬೇಕು. ಸಾಲಿನಲ್ಲಿದ್ದವರೆಲ್ಲ ಸರದಿ ಬಂದ ಕೂಡಲೇ ಗರ್ಭಗುಡಿಯ ಮುಂದೆ ಬಗ್ಗುವಂತೆ ಬಗ್ಗಿ, ಕಿಂಡಿಯೊಳಗೆ ಅರ್ಧ ಮುಖ ತೂರಿಸಿ ‘ಸಾರ್’ ಎನ್ನುತ್ತಿದ್ದರು. ಮೇಷ್ಟ್ರು ಬಗ್ಗಲಿಲ್ಲ. ಭುಜ ಹಿಂದೆ, ಗಲ್ಲ ಮೇಲೆ, ಎದುರಿನ ಗೋಡೆಯ ಮೇಲಿದ್ದ ‘ಸಾಲಿನಲ್ಲಿ ಬನ್ನಿ’ ಎಂಬ ಬೋರ್ಡಿನ ಕಣ್ಣಲ್ಲಿ ಕಣ್ಣಿಟ್ಟು, ತಮ್ಮ ಅಹವಾಲನ್ನು ಗಂಭೀರ ದನಿಯಲ್ಲಿ ಮಂಡಿಸಿದರು.

ಒಳಗಿನಿಂದ ದನಿ ಬಂತು: ‘ಯಾರ್ರೀ ಅದು? ಬರೀ ಹೊಟ್ಟೆ ಕಾಣ್ತಿದೆ!’

ನಾನು ಪಕ್ಕದಿಂದ ಬಗ್ಗಿ ನೋಡಿದೆ. ಕುರ್ಚಿಯಲ್ಲಿದ್ದ ಗುಮಾಸ್ತರ ಬೆನ್ನು ಕುಡುಗೋಲಿನಂತಿತ್ತು. ಭುಜ ಜೋತುಬಿದ್ದಿತ್ತು. ಕತ್ತು ಕಂಪ್ಯೂಟರಿನೊಳಕ್ಕೆ ಇಳಿದು ಮೇಷ್ಟ್ರ 27 ಕಿಲೋ ದಾಟಿ ಮುಂದೆ ಹೋಗಿತ್ತು. ಯಾರ ಕಣ್ಣನ್ನೂ ಅವರು ನೋಡುತ್ತಿರಲಿಲ್ಲ. ಆದರೂ ಇತ್ತ ನಲವತ್ತು ಜನ ಅವರು ಒಂದು ಸಲ ತಲೆಯಾಡಿಸಲೆಂದು ಕಾಯುತ್ತಿದ್ದರು. ಕುರ್ಚಿ ಇದ್ದವರಿಗೆ ಬೆನ್ನಿನ ಹಂಗಿಲ್ಲ.

ಒಂದು ನಿಮಿಷ ಕಳೆಯಿತು. ಹಿಂದಿನವರು ಗೊಣಗತೊಡಗಿದರು. ಮೇಷ್ಟ್ರು ನಿಧಾನವಾಗಿ, ಹಳೆಯ ಮರದ ಬೀರುವಿನ ಬಾಗಿಲಿನಂತೆ ಸದ್ದು ಮಾಡುತ್ತಾ, ಬಗ್ಗಿದರು. ‘ಸಾರ್’ ಎಂದರು.

‘ಸರ್ವರ್ ಡೌನ್. ಸೋಮವಾರ ಬನ್ನಿ.’

ಹೊರಬಂದಾಗ ‘ಅದು ಬಗ್ಗಿದ್ದಲ್ಲ ಸ್ವಾಮಿ’ ಎಂದರು. ‘ಮುಂದಕ್ಕೆ ವಾಲಿ ಎದುರಿನವರ ಮಾತಲ್ಲಿ ಆಸಕ್ತಿ ತೋರಿಸೋದು. ಶಿಬಿರದಲ್ಲಿ ಅದನ್ನೂ ಹೇಳಿಕೊಟ್ಟಿದಾರೆ.’ ದನಿ ಎಂದಿನಂತೆಯೇ ಇತ್ತು, ಭುಜ ಮಾತ್ರ ಇಳಿದಿತ್ತು. ಕಾಗದಗಳ ಚೀಲವನ್ನು ಎದೆಗೆ ಅವುಚಿಕೊಂಡು ನಡೆಯುತ್ತಿದ್ದ ಅವರು ಮತ್ತೆ ಆ ಲೆಡ್ಜರಿನ ಮನುಷ್ಯನಂತೆ ಕಂಡರು. ನನಗೆ ಯಾಕೋ ನೋಡಲಾಗಲಿಲ್ಲ.

‘ಬೆನ್ನು!’ ಎಂದೆ.

ಮೇಷ್ಟ್ರು ತಟ್ಟನೆ ನೆಟ್ಟಗಾದರು. ನನ್ನ ಕಡೆ ತಿರುಗಿ ನಕ್ಕರು. ‘ಕಾಫಿ ಆಯ್ತಾ?’ ಎಂದು ಮೊದಲ ಬಾರಿಗೆ ಕೇಳಿದರು.

2015ರ ಆ 200 ಜನರ ಬಗ್ಗೆ ಒಂದು ಮಾತು ನಾನು ಮೇಷ್ಟ್ರಿಗೆ ಹೇಳದೆ ಮುಚ್ಚಿಟ್ಟಿದ್ದೆ. ಅವರಲ್ಲಿ ಮೈಹರಡಿ ನಿಂತವರು, ಹಾರ್ಮೋನು ಕದಲದಿದ್ದರೂ, ಮನಸ್ಸಿಗೆ ಕೊಂಚ ಬಲ ಬಂದಂತಾಯಿತು ಎಂದಿದ್ದರಂತೆ. ಹೋಟೆಲಿನಲ್ಲಿ ಕಾಫಿ ಬಂದಾಗ ಅದನ್ನು ಹೇಳಿಬಿಟ್ಟೆ.

ತಪ್ಪು ಮಾಡಿದೆ. ಈಗ ಬೆಳಗ್ಗೆ ಐವತ್ತು ಗಜ ದೂರದಿಂದಲೇ ಶುರುಮಾಡುತ್ತಾರೆ.