ಎಂಟೆಕರೆಯ ಮರಸು

ಜಮೀನು ಯಾರದೋ ಅದರಲ್ಲಿ ಓಡಾಡುವ ಹಕ್ಕೂ ಅವರದೇ ಎಂದು ನಂಬಿರುವವರು ಮಿಷಿಗನ್ನಿನ ಹಳ್ಳಿಗಾಡಿನಲ್ಲಿ ಎಂಟೆಕರೆ ಕೊಂಡು, ಅಲ್ಲಿ ಜಿಂಕೆ ಹೊಡೆಯಲು ಪಕ್ಕದ ಮನೆಯವನಿಗೆ ಒಪ್ಪಿಗೆ ಕೊಟ್ಟು ನೋಡಬೇಕು. ಪತ್ರ ನನ್ನ ಹೆಸರಿನಲ್ಲಿದೆ, ಬ್ಯಾಂಕಿನ ಕಂತು ಕಟ್ಟುವವನೂ ನಾನೇ. ಆದರೂ ಸೆಪ್ಟೆಂಬರ್ ಹುಟ್ಟಿತೆಂದರೆ ಹಿತ್ತಲಿನ ಹುಲ್ಲು ಮುಗಿದು ಮರಗಳು ಶುರುವಾಗುವಲ್ಲಿ ನಾನು ನಿಂತುಬಿಡಬೇಕು. ಆಚೆಗೆ ಕಾಲಿಟ್ಟರೆ ಸಂಜೆಯೊಳಗೆ ಫೋನು: "ಓಕ್ ಮರದ ಹತ್ತಿರ ಏನು ಮಾಡುತ್ತಿದ್ದೆ?"

ಒಪ್ಪಿಗೆ ಕೊಟ್ಟವಳು ನನ್ನ ಹೆಂಡತಿ. ಮಾಗಡಿ ಕಡೆಯವಳು, ಅವರೆಕಾಯಿ ಇಲ್ಲದ ಊರಿನಲ್ಲಿ ಸಂಸಾರ ಹೂಡುವುದು ಹೇಗೆಂಬ ಚಿಂತೆಯಲ್ಲೇ ವಿಮಾನ ಹತ್ತಿದವಳು. ಪ್ರತಿ ಬೇಸಿಗೆ ಎಲ್ಲಿಂದಲೋ ಬೀಜ ಸಂಪಾದಿಸಿ ಅವರೆ ಹಾಕುತ್ತಾಳೆ. ಹಗಲು ಗಿಡ್ಡವಾಗದೆ ಹೂ ಬಿಡೆನೆಂದು ಹಟ ಹಿಡಿಯುವ ಜಾತಿ ಅದು. ಇಲ್ಲಿ ಹಗಲು ಗಿಡ್ಡವಾಗುವ ಹೊತ್ತಿಗೆ ಇಬ್ಬನಿ ಹೆಪ್ಪುಗಟ್ಟಿ ಬಳ್ಳಿ ಸುಟ್ಟುಹೋಗುತ್ತದೆ. ಸೊಗಡಿನ ಆಸೆ ಹಾಗಿರಲಿ, ಹಸಿರು ನೋಡಿಯಾದರೂ ಸಮಾಧಾನಪಡೋಣವೆಂದರೆ ಜುಲೈನಲ್ಲೇ ಕುಡಿಗಳೆಲ್ಲ ಮಾಯ. ಮೊದಲು ಮೊಲದ ಮೇಲೆ ಅನುಮಾನವಿತ್ತು. ಪಕ್ಕದ ಮನೆಯವನು ಬಗ್ಗಿ, ಒಂದು ದಂಟನ್ನು ಬೆರಳಲ್ಲಿ ಹಿಡಿದು ತೋರಿಸಿದ. ಮೊಲ ಕಡಿದರೆ ಚಾಕುವಿನಲ್ಲಿ ಓರೆಯಾಗಿ ಕೊಯ್ದಷ್ಟು ನೀಟು. ಜಿಂಕೆಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ, ಕಚ್ಚಿ ಎಳೆಯುತ್ತದೆ. ತುದಿ ನಾರುನಾರಾಗಿ ಉಳಿಯುತ್ತದೆ. ನಮ್ಮ ಅವರೆಯ ತುದಿಗಳೆಲ್ಲ ನಾರುನಾರು.

"ನಾನು ನೋಡಿಕೊಳ್ಳುತ್ತೇನೆ" ಎಂದ. ಕಾರಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು, ಮಾತು ಕಮ್ಮಿ. ಇವಳು ತಾರೀಕು ಕೇಳದೆ ಹೂಂ ಅಂದಳು. ಇಲ್ಲಿ ಬಿಲ್ಲಿನ ಬೇಟೆ ಶುರುವಾಗುವುದು ಅಕ್ಟೋಬರ್ 1ಕ್ಕೆ, ಕೋವಿಯ ಮುಖ್ಯ ಸುಗ್ಗಿ ನವೆಂಬರ್ 15ರಿಂದ. ಅಂದರೆ ಅಪರಾಧ ಜುಲೈನಲ್ಲಿ, ಶಿಕ್ಷೆ ಅಕ್ಟೋಬರಿನಲ್ಲಿ, ಅಷ್ಟರಲ್ಲಿ ಫಿರ್ಯಾದುದಾರ ಬಳ್ಳಿಯೇ ತೀರಿಕೊಂಡಿರುತ್ತದೆ.

ಆಗ ಆತ ಒಂದು ಲೆಕ್ಕ ಹೇಳಿದ. ಇಲ್ಲಿಯ ಬಿಳಿಬಾಲದ ಜಿಂಕೆಯೊಂದರ ಓಡಾಟ ಅಂದಾಜು ಒಂದು ಚದರ ಮೈಲಿ, ಅಂದರೆ 640 ಎಕರೆ. ನಮ್ಮ ಎಂಟೆಕರೆ ಅದಕ್ಕೆ ಸಂತೆಗೆ ಹೊರಟವನು ಬೀಡಿ ಹಚ್ಚಲು ಕೂರುವ ಅರಳಿಕಟ್ಟೆ. ದೊಡ್ಡ ಕಾಡಿನಲ್ಲಿ ಬೆದರಿದ ಜಿಂಕೆ ಅದೇ ಕಾಡಿನ ಇನ್ನೊಂದು ಮೂಲೆ ಸೇರುತ್ತದೆ. ಎಂಟೆಕರೆಯಲ್ಲಿ ಬೆದರಿದ್ದು ಬೇಲಿ ಹಾರಿ ಬೇರೆಯವರ ಪಾಲಾಗುತ್ತದೆ. ಆದ್ದರಿಂದ ಜಾಗ ಸಣ್ಣದಾದಷ್ಟೂ ಅದರೊಳಗೆ ಹೋಗುವುದನ್ನು ಕಮ್ಮಿ ಮಾಡಬೇಕು. ತೀರಾ ಸಣ್ಣದಾದರೆ ಹೋಗಲೇಬಾರದು. ನೋಡುವುದನ್ನೆಲ್ಲ ಫೆಬ್ರುವರಿಯಲ್ಲೇ ನೋಡಿ ಮುಗಿಸಬೇಕು, ಬೇಟೆಯ ಹೊತ್ತಿಗೆ ಜಿಂಕೆಗಳು ನಮ್ಮನ್ನು ಮರೆತಿರುತ್ತವೆ.

ಹೀಗೆ ನನ್ನ ಜಮೀನು ನನಗೆ ದಕ್ಕಿದ್ದು ಮೂಗಿನ ತುದಿ ಮರಗಟ್ಟುವ ಫೆಬ್ರುವರಿಯಲ್ಲಿ. ಎಲೆ ಉದುರಿದ ಕಾಡಿನಲ್ಲಿ ಆತ ಮುಂದೆ, ನಾನು ಹಿಂದೆ. ಹಿಮದ ಮೇಲೆ ಗೊರಸಿನ ಜಾಡು ನೂಲು ಹಿಡಿದಷ್ಟು ನೇರ. ಮಲಗಿದಲ್ಲಿ ಮೈಶಾಖಕ್ಕೆ ಹಿಮ ಕರಗಿ ಮೊಟ್ಟೆಯಾಕಾರದ ಗುಳಿ, ಪಕ್ಕದಲ್ಲಿ ಹಿಕ್ಕೆ. ಹೆಬ್ಬೆರಳು ಗಾತ್ರದ ಮೇಪಲ್ ಗಿಡವೊಂದರ ತೊಗಟೆ ಮೊಣಕಾಲೆತ್ತರದಲ್ಲಿ ಸುಲಿದುಹೋಗಿತ್ತು. ಗಂಡು ಕೊಂಬುಜ್ಜಿದ ಗುರುತು. ಯಾವ ಮಗ್ಗುಲು ಸುಲಿದಿದೆಯೋ ಆ ಕಡೆಯಿಂದ ಬಂದದ್ದೆಂದು ಅರ್ಥ. ಸ್ವಲ್ಪ ಮುಂದೆ ಬಾಗಿದ ಕೊಂಬೆಯ ತುದಿಯನ್ನು ಯಾರೋ ಜಗಿದಿದ್ದರು. ಅದರ ಬುಡದಲ್ಲೇ ಬೆದೆಗಾಲದ ಗಂಡು ಕಾಲಿನಿಂದ ನೆಲ ಕೆರೆದು, ಉಚ್ಚೆ ಹೊಯ್ದು ವಿಳಾಸ ಬಿಟ್ಟು ಹೋಗುವುದಂತೆ. ಇಷ್ಟು ವರ್ಷದಲ್ಲಿ ನನ್ನ ಜಮೀನಿನಲ್ಲಿ ಇಷ್ಟು ವ್ಯವಹಾರ ನಡೆಯುತ್ತಿದ್ದುದು ನನಗೇ ಗೊತ್ತಿರಲಿಲ್ಲ.

ಜಾಡುಗಳು ಕೂಡುವಲ್ಲಿ ಆತ ಒಂದು ಮರಕ್ಕೆ ಏಣಿ ಒರಗಿಸಿ, ತುದಿಯಲ್ಲಿ ಇಬ್ಬರು ಕೂರುವ ಪೀಠ ಬಿಗಿದ. ಕೊಪ್ಪದಿಂದ ಬಂದಿದ್ದ ಅಮ್ಮ ಅದನ್ನು ನೋಡಿದವರೇ, "ಎಂತ ಮಾರಾಯ, ಇದು ಮರಸಲ್ವನಾ?" ಎಂದರು. ಅವರ ಅಪ್ಪ ಕೇಪಿನ ಕೋವಿ ಹಿಡಿದು, ಮರದ ಮೇಲೆ ಪ್ರಾಣಿಗೆ ಕಾದು ಮರಸು ಕೂರುತ್ತಿದ್ದವರು, 1972ಕ್ಕೆ ಮುಂಚೆ. ಆ ವರ್ಷ ಅಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಅಜ್ಜನ ಕೋವಿ ಅಟ್ಟ ಸೇರಿತು. ಅದೇ 1972ರಲ್ಲಿ ಇಲ್ಲಿಯ ಸರ್ಕಾರ ಬಿಲ್ಲುಬಾಣಗಳ ಮೇಲೂ ಶೇಕಡ 11ರ ತೆರಿಗೆಗೆ ಕಾನೂನು ಮಾಡಿ, ಆ ದುಡ್ಡನ್ನು ವನ್ಯಜೀವಿ ನಿಧಿಗೆ ಸೇರಿಸಿತು. ಒಂದು ದೇಶ ಬೇಟೆಗಾರನನ್ನು ಮನೆಗೆ ಕಳಿಸಿತು, ಇನ್ನೊಂದು ಅವನ ಕೈಗೆ ಬಿಲ್ ಕೊಟ್ಟಿತು.

ಮರಕ್ಕೊಂದು ಕ್ಯಾಮೆರಾ ಕೂಡ ಬಂತು. ಎದುರಿಗೆ ಏನು ಅಲ್ಲಾಡಿದರೂ ಚಿತ್ರ ತೆಗೆದು ಅವನ ಫೋನಿಗೆ ಕಳಿಸುತ್ತದೆ. ಅದರಲ್ಲಿ ಸಿಕ್ಕಿಬಿದ್ದವರು ಅಮ್ಮ. ಸೀರೆಯ ಮೇಲೆ ನನ್ನ ಜರ್ಕಿನ್ನು, ಕೈಯಲ್ಲಿ ಪುಟ್ಟಿ, ಪುಟ್ಟಿಯಲ್ಲಿ ಬಾಳೆಹಣ್ಣಿನ ಸಿಪ್ಪೆ. ಹಿಂದೆ ಎರಡು ಹೆಣ್ಣು ಜಿಂಕೆಗಳು ಊಟದ ಪಂಕ್ತಿಗೆ ಕಾದಿದ್ದವು. ಆತ ಮೊದಲ ಸಲ ಓಡಿಕೊಂಡು ಬಂದ. ಮಿಷಿಗನ್ನಿನ ಈ ಭಾಗದಲ್ಲಿ ಜಿಂಕೆಗಳಿಗೆ ತಿನಿಸು ಹಾಕುವುದು 2019ರಿಂದ ನಿಷಿದ್ಧ. ಒಂದೆಡೆ ಬಾಯಿ ಹಾಕಿದರೆ ಮೈ ಕರಗಿಸಿ ಕೊಲ್ಲುವ ರೋಗ ಒಂದರಿಂದೊಂದಕ್ಕೆ ಹರಡುತ್ತದೆ. 2015ರಲ್ಲಿ ಅದು ಇಲ್ಲಿಯ ಕಾಡು ಜಿಂಕೆಯಲ್ಲೂ ಸಿಕ್ಕಿತ್ತು. "ಸಿಪ್ಪೆ ಹಾಕಿದ್ರೆ ತಪ್ಪು, ಬಾಣ ಹಾಕಿದ್ರೆ ತಪ್ಪಲ್ವಂತಾ?" ಎಂದು ಅಮ್ಮ ಕೇಳಿದರು. ನಾನು ಅನುವಾದಿಸಲಿಲ್ಲ.

ಅಕ್ಟೋಬರಿನ ಒಂದು ಸಂಜೆ ನನ್ನನ್ನೂ ಪೀಠಕ್ಕೆ ಹತ್ತಿಸಿಕೊಂಡ. ವಾಸನೆಯಿಲ್ಲದ ಸೋಪಿನಲ್ಲಿ ಒಗೆದ ಬಟ್ಟೆ, ರಬ್ಬರ್ ಬೂಟು. ಜೇಬಿನಿಂದ ನಮ್ಮ ಎಕ್ಕದ ಕುಟುಂಬದ್ದೇ ಒಂದು ಗಿಡದ ಹತ್ತಿ ತೆಗೆದು ಒಂದೆಳೆ ಹಾರಿಬಿಟ್ಟ. ಗಾಳಿ ಹೋಗುವ ದಾರಿ ಅದರಿಂದ ಕಾಣುತ್ತದೆ. ಎಳೆ ತೇಲುತ್ತಿದ್ದಂತೆ ಮನೆ ಕಡೆಯಿಂದ ಇಂಗಿನ ಒಗ್ಗರಣೆ ಘಮ್ಮೆಂದು ಬಂತು. ಕೆಲಸ ಕೆಟ್ಟಿತು ಎಂದುಕೊಂಡೆ. ಜಿಂಕೆ ಬಂತು, ಇಂಗಿಗೆ ಕಿವಿ ಕೂಡ ಅಲ್ಲಾಡಿಸಲಿಲ್ಲ. ಏಣಿಯ ಬುಡಕ್ಕೆ ಬಂದು, ನಾವು ಹತ್ತಿದ ಮೆಟ್ಟಿಲು ಮೂಸಿ, ಮುಂಗಾಲು ನೆಲಕ್ಕೆ ಬಡಿದು, ಬುಸ್ಸೆಂದು, ಬಿಳಿ ಬಾಲ ಎತ್ತಿ ಹೊರಟೇಹೋಯಿತು. ಇಂಗು ಅದಕ್ಕೆ ದಿನವೂ ಇರುವ ವಾಸನೆ. ಇರಬಾರದ ಜಾಗದಲ್ಲಿ ಇದ್ದದ್ದು ಬೂಟಿನದು. ಅಂದಿನಿಂದ ಅಡುಗೆಮನೆಗೆ ಅಪ್ಪಣೆಯಾಯಿತು: ಒಗ್ಗರಣೆ ತಪ್ಪಿಸಬೇಡಿ, ಹೊತ್ತು ಬದಲಿಸಬೇಡಿ.

ನವೆಂಬರಿನಲ್ಲಿ ಬೆದೆಯೇರಿದಾಗ ಗಂಡಿಗೆ ಮೂಗಿದ್ದೂ ಬುದ್ಧಿ ಇರುವುದಿಲ್ಲ. ಅಂಥದೊಂದಕ್ಕೆ ಇಪ್ಪತ್ತು ಗಜದಿಂದ ಬಾಣ ಬಿಟ್ಟ. ತಾಗಿದ ಮೇಲೆ ಅರ್ಧ ಗಂಟೆ ಇಳಿಯಬಾರದು. ಬೆನ್ನಟ್ಟಿದರೆ ನೊಂದ ಪ್ರಾಣಿ ಇನ್ನೂ ದೂರ ಓಡುತ್ತದೆ. ಇಳಿದು ನೋಡಿದರೆ ನೊರೆಗಟ್ಟಿದ ರಕ್ತ, ಶ್ವಾಸಕೋಶಕ್ಕೆ ತಾಗಿದೆ. ಜಾಡು ಹಿಡಿದು ಹೋದರೆ ಜಿಂಕೆ ಬೇಲಿ ದಾಟಿ ಇನ್ನೊಬ್ಬರ ಸೋಯಾ ಹೊಲದಲ್ಲಿ ಬಿದ್ದಿತ್ತು. ನಿಮ್ಮದೇ ಬಾಣವಾದರೂ ಅವರ ಒಪ್ಪಿಗೆಯಿಲ್ಲದೆ ಒಳಗೆ ಹೋಗುವಂತಿಲ್ಲ. ಅವರು ಟೀವಿಯಲ್ಲಿ ಫುಟ್‌ಬಾಲ್ ನೋಡುತ್ತಾ ಫೋನೆತ್ತಲಿಲ್ಲ. ಬೇಲಿ ಹಿಡಿದು ಆತ ನಿಂತಿದ್ದ ಭಂಗಿ ನನಗೆ ಚೆನ್ನಾಗಿ ಪರಿಚಯದ್ದು.

ಕೊನೆಗೂ ಒಪ್ಪಿಗೆ ಸಿಕ್ಕಿ ಜಿಂಕೆ ಈಚೆ ಬಂತು. ನಮ್ಮ ಪಾಲಿನ ಮಾಂಸಕ್ಕೆ ಅಮ್ಮ ಕಾಳುಮೆಣಸು ಅರೆದು ಸಾರು ಮಾಡಿ ಕಡುಬು ಬೇಯಿಸಿದರು. ಆತ ಕಿವಿ ಕೆಂಪಾಗುವವರೆಗೆ ತಿಂದ, ಮತ್ತೆ ಬಡಿಸಿಕೊಂಡ.

ಏಪ್ರಿಲಿನಲ್ಲಿ ಒಂದು ಚೀಲ ಹೊತ್ತು ತಂದ. ಮೇಲೆ ಕೊಂಬಿನ ಜಿಂಕೆಯ ಚಿತ್ರ, 'ಲ್ಯಾಬ್‌ಲ್ಯಾಬ್' ಎಂಬ ಹೆಸರು. ಜಿಂಕೆಗಳಿಗೆಂದೇ ಬಿತ್ತುವ ಬೀಜವಂತೆ. ಇವಳು ಒಂದು ಹಿಡಿ ತೆಗೆದು, ಬಿಳಿ ಗೆರೆ ಸವರಿ ನೋಡಿ, ಅಲ್ಲೇ ಕೂತುಬಿಟ್ಟಳು. ಸಾಕ್ಷಾತ್ ಅವರೆಕಾಳು! ಒಂದೆಕರೆ ಉತ್ತು ಬಿತ್ತಿಕೊಡುತ್ತೇನೆ, ಬೇಲಿ ಮಾತ್ರ ಬೇಡ ಎಂದ. ಬುಟ್ಟಿಯಲ್ಲಿ ಹಾಕಿದರೆ ಅಪರಾಧ, ಬೆಳೆದು ನಿಲ್ಲಿಸಿದರೆ ಬೇಸಾಯ; ಕಾನೂನು ಹಾಗಿದೆ. ಇವಳು ಚೌಕಾಸಿಗೆ ಇಳಿದು, ಎಂಟಡಿ ಬೇಲಿಯೊಳಗೆ ಒಂದು ಮಡಿ ತನಗೆ, ಮಿಕ್ಕಿದ್ದು ಅವಕ್ಕೆ ಎಂದು ಮುಗಿಸಿದಳು.

ಚೀಲದ ಮೇಲಿನ ಚಿತ್ರವನ್ನೇ ನೋಡುತ್ತಿದ್ದ ಅಮ್ಮ ಕೊನೆಗೆ ತೀರ್ಪು ಕೊಟ್ಟರು: "ಈ ದೇಶದಲ್ಲಿ ಜಿಂಕೆಯಾಗಿ ಹುಟ್ಬೇಕು ಮಾರಾಯ. ಅವರೆ ಬೆಳೆದು ಕೊಡ್ತಾರೆ, ಫೋಟೋ ತೆಗೀತಾರೆ. ಒಂದು ನವೆಂಬರ್ ತಪ್ಪಿಸ್ಕೊಂಡ್ರೆ ಆಯ್ತು."