ಸಾಫ್ಟ್ ಸ್ಕಿಲ್ ಗುರುಗಳಿಗೊಂದು ಬಹಿರಂಗ ಪತ್ರ

ತಳೇಗಾಂವ ದಾಭಾಡೆ, ಪುಣೆ ಜಿಲ್ಲೆ

ಸನ್ಮಾನ್ಯ ಸಾಫ್ಟ್ ಸ್ಕಿಲ್ ಗುರುಗಳಿಗೆ, ಕಲಬುರಗಿ ಕಡೆಯ ಐಟಿಐ ಫಿಟ್ಟರ್ ಒಬ್ಬನ ಸಾಷ್ಟಾಂಗ ನಮಸ್ಕಾರಗಳು.

ಎಂಐಡಿಸಿ ಕೈಗಾರಿಕಾ ಪ್ರದೇಶದ ಗೇಟಿನ ಮುಂದೆ ಬಯೋಡಾಟಾ ಹಿಡಿದು ನಿಂತ ನಮಗೆ ತಾವು ಮಾಡಿದ ಉಪಕಾರ ದೊಡ್ಡದು. ವರ್ನಿಯರ್ ಹಿಡಿಯಲು ಬಂದರೆ ಸಾಲದು, ನಗಲೂ ಬರಬೇಕು ಎಂದಿರಿ. ‘ನಿನ್ನ ದೌರ್ಬಲ್ಯವೇನು?’ ಎಂದು ಕೇಳಿದರೆ ‘ಅತಿಯಾಗಿ ದುಡಿಯುವುದು’ ಎನ್ನಬೇಕಂತೆ. ನನ್ನ ದೌರ್ಬಲ್ಯ ಮೆಸ್ಸಿನ ಬಾಕಿ. ಅದನ್ನು ಬಾಯಿಬಿಡಬಾರದೆಂದು ಈಗ ತಿಳಿಯಿತು.

ಟೀಮ್ ವರ್ಕ್ ಪಾಠವಂತೂ ಅಮೋಘ. ನಮ್ಮ ರೂಮಿನಲ್ಲಿ ಆರು ಜನ, ಒಂದು ಬಕೆಟ್ಟು. ರಾತ್ರಿಪಾಳಿಯವನು ಬರುವುದರೊಳಗೆ ಬೆಳಗಿನ ಪಾಳಿಯವನು ಎದ್ದು ಜಾಗ ಬಿಡುತ್ತಾನೆ. ಹಾಸಿಗೆ ತಣ್ಣಗಾಗುವುದೇ ಇಲ್ಲ. ಯಾದಗಿರಿಯವನ ರೊಟ್ಟಿ, ಲಾತೂರಿನವನ ಠೇಚಾ ಚಟ್ನಿ, ಬಿಹಾರದವನ ಆಲೂ ಒಂದೇ ತಟ್ಟೆಗೆ ಬೀಳುತ್ತವೆ. ಅತ್ತ ವೇದಾಂತ-ಫಾಕ್ಸ್‌ಕಾನ್ ಕಂಪನಿಗಳ ಜೋಡಿಯನ್ನು ನೋಡಿ. ಚಿಪ್ ಕಾರ್ಖಾನೆ ತಳೇಗಾಂವಕ್ಕೇ ಬರುತ್ತದೆಂದು ಊರು ಕಾಯುತ್ತಿದ್ದರೆ, 2022ರ ಸೆಪ್ಟೆಂಬರಿನಲ್ಲಿ ಅದು ಗುಜರಾತಿನ ಪಾಲಾಯಿತು. 2023ರ ಜುಲೈನಲ್ಲಿ ಫಾಕ್ಸ್‌ಕಾನ್ ಜೋಡಿಯನ್ನೇ ಮುರಿದುಕೊಂಡಿತು. ಟೀಮ್ ವರ್ಕ್ ಕ್ಲಾಸು ಯಾರಿಗೆ ಬೇಕಿತ್ತು, ತಾವೇ ಹೇಳಿ.

ಬದಲಾವಣೆಗೆ ಹೊಂದಿಕೊಳ್ಳಿ ಎಂದೂ ಬೋಧಿಸಿದಿರಿ. ಇಲ್ಲಿ 2008ರಲ್ಲಿ ಕಾರು ತಯಾರಿಸತೊಡಗಿದ ಜನರಲ್ ಮೋಟರ್ಸ್ 2020ರ ಡಿಸೆಂಬರಿನಲ್ಲಿ ಉತ್ಪಾದನೆ ನಿಲ್ಲಿಸಿತು. ಅಲ್ಲಿನವರಿಗೆ ಕೆಲಸವೂ ಬರುತ್ತಿತ್ತು, ಹೊತ್ತಿಗೆ ಸರಿಯಾಗಿ ಪಂಚ್ ಮಾಡುವುದೂ ಬರುತ್ತಿತ್ತು. 2023ರ ಆಗಸ್ಟಿನಲ್ಲಿ ಹ್ಯುಂಡೈ ಆ ಜಮೀನು, ಕಟ್ಟಡ, ಕೆಲವು ಯಂತ್ರಗಳನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಕೆಲಸಗಾರರ ನಗುಮುಖ ಆ ಪಟ್ಟಿಯಲ್ಲಿರಲಿಲ್ಲ.

ಕಲಿಸುವ ಮಾತು ಬಂತೆಂದು ಹೇಳುತ್ತೇನೆ, ಇದೇ ಊರಿನಲ್ಲಿ 1908ರಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆ ಹುಟ್ಟಿತು. ಅಂತಾಜಿ ದಾಮೋದರ ಕಾಳೆ ಜನರಿಂದ ಒಂದೊಂದು ಪೈಸೆ ಕೂಡಿಸಿದರು, ಲೋಕಮಾನ್ಯ ತಿಲಕರು ಬೆನ್ನಿಗೆ ನಿಂತರು, ಹುಡುಗರು ಗಾಜಿನ ಕಸುಬು ಕಲಿತರು. ಆಗ ಊರು ಪೈಸೆ ಕೊಟ್ಟು ಕಲಿಸಿತು. ಈಗ ಕೆಲಸವಿಲ್ಲದವನೇ ಸಾಲ ಮಾಡಿ, ನಗುವುದಕ್ಕೆ ಫೀ ಕಟ್ಟಬೇಕು!

ಮಾತು ಬಾರದೆ ಒಳ್ಳೆಯ ಕೆಲಸಗಾರ ಸಂದರ್ಶನದಲ್ಲಿ ಸೋಲುವುದುಂಟು, ಸುಳ್ಳಲ್ಲ. ಹಾಗಾದರೆ ಮಾತು ಕಲಿಸಿ ಸ್ವಾಮಿ. ಗುತ್ತಿಗೆದಾರನ ಎದುರು ನೇಮಕಪತ್ರ ಕೇಳುವ ಮಾತು, ಪಗಾರದಲ್ಲಿ ಹಿಡಿದ ಪಿಎಫ್ ಎಲ್ಲಿಗೆ ಹೋಯಿತೆಂದು ವಿಚಾರಿಸುವ ಮಾತು, ಸೇಫ್ಟಿ ಗಾರ್ಡ್ ಇಲ್ಲದ ಪ್ರೆಸ್ ಮಷಿನ್ನಿಗೆ ‘ಕೈ ಹಾಕಲ್ಲ ಸಾಹೇಬ್ರೆ’ ಎನ್ನುವ ಮಾತು. ಸಂವಹನ ಕೌಶಲವೆಂದರೆ ಇದೂ ಹೌದಲ್ಲವೇ?

ಮುಂದಿನ ಬ್ಯಾಚಿಗೆ ಎಚ್‌ಆರ್ ಸಾಹೇಬರನ್ನೂ ಗುತ್ತಿಗೆದಾರರನ್ನೂ ಸೇರಿಸಿಕೊಳ್ಳಿ. ಅರ್ಜಿ ಹಾಕಿದವನಿಗೆ ಹೌದೋ ಅಲ್ಲವೋ ಎಂದು ತಿಳಿಸುವುದು, ಪಗಾರ ಎಷ್ಟೆಂದು ಮೊದಲೇ ಹೇಳುವುದು, ತೆಗೆದುಹಾಕುವಾಗ ಗೇಟಿನಲ್ಲಿ ಸೆಕ್ಯುರಿಟಿಯವನಿಂದ ಹೇಳಿಸದಿರುವುದು: ಈ ಮೂರು ಪಾಠ ಸಾಕು. ಫೀ ಮಾತ್ರ ಅವರಿಂದಲೇ ವಸೂಲು ಮಾಡಿ. ನಮ್ಮ ಹತ್ತಿರ ಇನ್ನು ದುಡ್ಡು ಉಳಿದಿಲ್ಲ.

ಇಂತಿ ತಮ್ಮ ವಿಧೇಯ,
ಇನ್ನೂ ಗೇಟಿನ ಹೊರಗಿರುವ ಶಿಷ್ಯ