ಪತ್ತೇದಾರ ನಾಣಿ ಮತ್ತು ಕುಕ್ಕರ್ ವೆಯ್ಟು

(ಬೆಳಗಿನ ಹತ್ತು ಗಂಟೆ. ಸರೋಜಕ್ಕ ಹುರುಳಿಕಾಯಿ ನಾರು ತೆಗೆಯುತ್ತಿದ್ದಾರೆ. ನಾಣಿ ಭೂತಗನ್ನಡಿ ಹಿಡಿದು ಅಡುಗೆಮನೆಯಲ್ಲಿ ಮಂಡಿಯೂರಿದ್ದಾನೆ.)

ನಾಣಿ: ಯಾರೂ ಮನೆಯಿಂದ ಹೊರಗೆ ಹೋಗಕೂಡದು!

ಸರೋಜಕ್ಕ: ಇರೋರೇ ನಾವಿಬ್ರು. ಏಳೋ, ನೆಲ ಈಗ ತಾನೇ ಒರೆಸಿದ್ದು.

ನಾಣಿ: ಒರೆಸಿದ್ದು ಯಾರು? ರತ್ನಮ್ಮ! ಸಾಕ್ಷ್ಯನಾಶ!

ಸರೋಜಕ್ಕ: ಮೆಲ್ಲಗೆ ಹೇಳು. ಅವಳ ಕಿವಿಗೆ ಬಿದ್ರೆ ನಾಳೆಯಿಂದ ಪಾತ್ರೆ ನಿನ್ನ ಪಾಲಿಗೆ. ಕುಕ್ಕರ್ ವೆಯ್ಟ್ ಸಿಕ್ತೋ ಇಲ್ವೋ? ಬೇಳೆ ಇಡ್ಬೇಕು.

ನಾಣಿ: ತನಿಖೆ ನಡೀತಿದೆ. ಅಗಾಥಾ ಕ್ರಿಸ್ಟಿ ಕಾದಂಬರಿಯ ಪತ್ತೇದಾರಿ ಅಜ್ಜಿ ಮಿಸ್ ಮಾರ್ಪಲ್ ಯಾವತ್ತಾದ್ರೂ ಅವಸರ ಮಾಡಿದ್ಲಾ?

ಸರೋಜಕ್ಕ: ಆಕೆಗೆ ಮಧ್ಯಾಹ್ನಕ್ಕೆ ಹುಳಿ ಮಾಡೋ ತಾಪತ್ರಯ ಇರ್ಲಿಲ್ಲ.

ನಾಣಿ: ಇಂಥ ಕಾದಂಬರಿ ಓದಿದ್ರೆ ಮೆದುಳು ಚುರುಕಾಗುತ್ತಂತೆ ಅಕ್ಕ. ವಾಟ್ಸಾಪಲ್ಲಿ ಬಂದಿತ್ತು. ನೆನೆಸಿದ ಬಾದಾಮಿಗಿಂತ ಒಳ್ಳೇದಂತೆ.

ಸರೋಜಕ್ಕ: ಹಾಗಲಕಾಯಿ ಕಂಡ್ರೂ ಪುಸ್ತಕ ಕಂಡ್ರೂ ನಿಮ್ಮದು ಒಂದೇ ಪ್ರಶ್ನೆ, ಯಾವುದಕ್ಕೆ ಒಳ್ಳೇದು? ಅಪ್ಪ ಬಾಡಿಗೆ ಲೈಬ್ರರಿಯಿಂದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ತಂದು ಪಾಠಪುಸ್ತಕದೊಳಗೆ ಬಚ್ಚಿಟ್ಟು ಓದ್ತಿದ್ರಂತೆ. ಮೆದುಳು ಚುರುಕಾಗ್ಲಿ ಅಂತಲಾ? ಮಜಾ ಇತ್ತು, ಓದಿದ್ರು.

ನಾಣಿ: ಕೊಲೆಯಲ್ಲಿ ಎಂಥ ಮಜಾ?

ಸರೋಜಕ್ಕ: ಸತ್ತೋನು ಹೆಚ್ಚಾಗಿ ಯಾರಿಗೂ ಬೇಡವಾದ ಶ್ರೀಮಂತ. ಅತ್ತು ಹೊತ್ತು ಕಳೆಯೋರಿಲ್ಲ. ಹೆಣ ಸಿಕ್ಕ ಮುಂದಿನ ಪುಟದಲ್ಲೇ ಟೀ. ರಕ್ತ ಕಡಿಮೆ, ವಿಷ ಜಾಸ್ತಿ. ಅಗಾಥಾ ಕ್ರಿಸ್ಟಿ ಮೊದಲನೇ ಮಹಾಯುದ್ಧದಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿದ್ದಳಲ್ಲ, ವಿಷದ ವಿದ್ಯೆ ಅಲ್ಲೇ ಕಲಿತದ್ದು.

ನಾಣಿ: ಶ್! ಎರಡನೇ ಶಂಕಿತ ಸಿಕ್ಕ. ಗ್ಯಾಸ್ ಸಿಲಿಂಡರ್ ತಂದವನು.

ಸರೋಜಕ್ಕ: ಅವನು ಬಂದಿದ್ದು ಹೋದ ಶುಕ್ರವಾರ. ನಿನ್ನೆ ರಾತ್ರಿ ಅನ್ನ ಮಾಡಿದ್ದು ಅದೇ ಕುಕ್ಕರಲ್ಲಿ.

ನಾಣಿ: ಹಾಗಾದ್ರೆ ಕಾಗೆ.

ಸರೋಜಕ್ಕ: ಕಾಗೆಗೆ ವೆಯ್ಟ್ ಯಾಕೋ?

ನಾಣಿ: ಉದ್ದೇಶ ಆಮೇಲೆ ಹುಡುಕೋಣ. ಕಿಟಕಿ ತೆರೆದಿತ್ತು, ಕೊಕ್ಕಿತ್ತು, ಕಾಗೆ ಬಣ್ಣಾನೂ ಕಪ್ಪು.

ಸರೋಜಕ್ಕ: ಬಣ್ಣ ನೋಡಿ ತೀರ್ಪು ಕೊಡೋದು ಎಲ್ಲಿ ಕಲ್ತೆ? ಮಾರ್ಪಲ್ ಅಜ್ಜಿ ಹೀಗೆ ಹಾರಾಡಲ್ಲ. 1930ರಲ್ಲಿ ಮೊದಲ ಕಾದಂಬರಿ, ಒಟ್ಟು 12. ಸೇಂಟ್ ಮೇರಿ ಮೀಡ್ ಅನ್ನೋ ಹಳ್ಳೀಲಿ ಕೂತು ಉಲ್ಲನ್ ಹೆಣೀತಾಳೆ. ಹೂಬತ್ತಿ ಹೊಸೀತಾ ಜಗುಲಿ ಮೇಲೆ ಕೂತ ನಮ್ಮಜ್ಜಿ ಎದುರಿಗೆ ಯಾರೂ ಮಾತು ನಿಲ್ಲಿಸ್ತಿರ್ಲಿಲ್ವಲ್ಲ, ಹಾಗೆ. ಮುದುಕಿಗೇನು ತಿಳೀತದೆ ಅಂದ್ಕೊಂಡೋನೇ ಸಿಕ್ಕಿಬೀಳೋದು. ಅದೇ ನನಗಿಷ್ಟ.

ನಾಣಿ: ಆಯುಧ?

ಸರೋಜಕ್ಕ: 'ಸ್ಲೀಪಿಂಗ್ ಮರ್ಡರ್'ನಲ್ಲಿ ಗಿಡದ ಹೇನಿಗೆ ಹೊಡೆಯೋ ಸಾಬೂನು ನೀರನ್ನ ಕೊಲೆಗಾರನ ಕಣ್ಣಿಗೇ ಚಿಮ್ಮಿಸ್ತಾಳೆ.

ನಾಣಿ: ಸಾಬೂನು! ಪಾತ್ರೆ ತೊಳೆಯೋ ಸಾಬೂನು! ಮತ್ತೆ ರತ್ನಮ್ಮ!

ಸರೋಜಕ್ಕ: ನಿನ್ನ ತಲೆ! ಹೋದ ತಿಂಗಳು ಬಡಾವಣೆ ಗ್ರೂಪಲ್ಲಿ ಸಿಸಿಟಿವಿ ತುಣುಕು ಹಾಕಿ 'ಇವನೇ ಚಪ್ಪಲಿ ಕಳ್ಳ' ಅಂದ್ರಲ್ಲ, ಕೊನೆಗೆ ಯಾರು ಅವನು? ನೀರಿನ ಕ್ಯಾನ್ ಹಾಕೋ ಹುಡುಗ. ಕಾದಂಬರೀಲಿ ಸುಳಿವು ಬಚ್ಚಿಡೋಳೂ ಲೇಖಕಿ, ಹುಡುಕಿಸೋಳೂ ಅವಳೇ. ನಿಜವಾದ ಕೇಸಿಗೆ ಮಹಜರಾಗ್ಬೇಕು, ಪಂಚರು ಸಹಿ ಹಾಕ್ಬೇಕು, ಮಡಿವಾಳದ ಫೊರೆನ್ಸಿಕ್ ಲ್ಯಾಬಿನಿಂದ ವರದಿ ಬರ್ಬೇಕು, ಆಮೇಲೆ ಕೋರ್ಟಲ್ಲಿ ತಾರೀಖಿನ ಮೇಲೆ ತಾರೀಖು. ಕೊನೇ ಪುಟದೊಳಗೆ ಎಲ್ಲ ಇತ್ಯರ್ಥ ಆಗುತ್ತಲ್ಲ, ಆ ಸುಖಕ್ಕೆ ಓದೋದು. ಓದಿ ಎದ್ದು ಬೀದಿಯಲ್ಲಿ ಹೋಗೋರನ್ನ ಅನುಮಾನಿಸೋಕಲ್ಲ.

ನಾಣಿ: ಟೀವಿ ಧಾರಾವಾಹಿಯ ಪತ್ತೇದಾರಿಣಿ ಜೆಸಿಕಾ ಫ್ಲೆಚರ್ ಅನುಮಾನಿಸ್ತಾಳಪ್ಪ.

ಸರೋಜಕ್ಕ: 1984ರಿಂದ 1996ರವರೆಗೆ ಅಮೆರಿಕದ ಟೀವೀಲಿ ಆಕೆ ಹೋದಲ್ಲೆಲ್ಲ ಹೆಣ! ಅವಳ ಪುಟ್ಟ ಊರು ಕ್ಯಾಬಟ್ ಕೋವ್ ಖಾಲಿಯಾಗದೆ ಉಳಿದದ್ದೇ ದೊಡ್ಡ ನಿಗೂಢ. ಊಟಕ್ಕೆ ಕರೆದ್ರೆ ನಾನಂತೂ ಹೋಗಲ್ಲ.

ನಾಣಿ: ಮೇಲ್ಮನೆ ಮಗು ನುಂಗಿರಬಹುದಾ? ಎಕ್ಸ್‌ರೇ ತೆಗೆಸಿದ್ರೆ...

ಸರೋಜಕ್ಕ: ಸಾಕು. ರೊನಾಲ್ಡ್ ನಾಕ್ಸ್ ಅನ್ನೋ ಪಾದ್ರಿ 1929ರಲ್ಲಿ ಪತ್ತೇದಾರಿ ಕತೆಗೆ ಹತ್ತು ಕಟ್ಟಳೆ ಬರೆದ. ಪತ್ತೇದಾರನೇ ಅಪರಾಧಿ ಆಗಕೂಡದು ಅಂತ ಅದರಲ್ಲೊಂದು. ನೀನು ಮುರಿದಿದ್ದೀಯ.

ನಾಣಿ: ನಾನಾ?

ಸರೋಜಕ್ಕ: ರಾತ್ರಿ ಫ್ಯಾನ್ ಗಾಳಿಗೆ ಹಾಳೆ ಹಾರ್ತವೆ ಅಂತ ಪುಸ್ತಕದ ಮೇಲೆ ಏನಿಟ್ಟೆ?

ನಾಣಿ: (ಕೋಣೆಗೆ ಓಡಿ, ವೆಯ್ಟ್ ಹಿಡಿದು ಬರುತ್ತಾನೆ) ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?

ಸರೋಜಕ್ಕ: ಕೊನೇ ಅಧ್ಯಾಯಕ್ಕೆ ಮೊದಲೇ ಹೇಳ್ತಾರಾ?

ನಾಣಿ: ಅಂದ ಹಾಗೆ ಆ ಪುಸ್ತಕದಲ್ಲಿ ಕೊಲೆ ಮಾಡಿದ್ದು...

ಸರೋಜಕ್ಕ: ಬಾಯ್ಮುಚ್ಚು! ನಾನಿನ್ನೂ ಅರ್ಧದಲ್ಲಿದ್ದೀನಿ. ಪುಸ್ತಕ ಇಲ್ಲಿಟ್ಟು ಹೋಗು. ಮೆದುಳು ಅಷ್ಟು ಚುರುಕಾಗಿದ್ರೆ ಕುಕ್ಕರ್ ಮುಂದೆ ನಿಂತು ಮೂರು ಕೂಗು ಎಣಿಸು. ತಪ್ಪಿದ್ರೆ ಇವತ್ತು ಹುಳಿ ಇಲ್ಲ.